ಮೂರು ಸಾಲಿನ ಚೀಟಿ ಮತ್ತು ಒಂದು ಪೋರ್ಚುಗೀಸ್ ವ್ಯಾಕರಣ

ನನ್ನ ಕೆಲಸ ಶುರುವಾಗುವುದು ಸಂಜೆ ಐದೂವರೆಗೆ. ದಾವಣಗೆರೆಯಲ್ಲಿ ಮಂಡಕ್ಕಿ-ಮಿರ್ಚಿ ಗಾಡಿಯವರು ಎಣ್ಣೆ ಕಾಯಲು ಇಡುವ ಹೊತ್ತು ಅದು. ಬ್ರೆಜಿಲ್‌ನ ಸಾವೊ ಪಾವ್ಲೊದಲ್ಲಿ ಆಗ ಬೆಳಿಗ್ಗೆ ಒಂಬತ್ತು. ವಿದ್ಯಾನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕೂತು ಅಲ್ಲಿನ ಗೋದಾಮುಗಳ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಸಪೋರ್ಟ್ ಕೊಡುತ್ತೇನೆ. ರಾತ್ರಿ ಒಂದೂವರೆಗೆ ಲ್ಯಾಪ್‌ಟಾಪ್ ಮುಚ್ಚುವಾಗ ಕೆಳಗಡೆ ಅಪ್ಪನ ಗೊರಕೆ ಬಿಟ್ಟರೆ ಬೇರೆ ಸದ್ದಿರುವುದಿಲ್ಲ.

ಮೊದಲು ನನಗೆ ಬರುತ್ತಿದ್ದ ಮೇಲ್‌ಗಳೆಲ್ಲ ಇಂಗ್ಲಿಷ್‌ನವು. ಪೋರ್ಚುಗೀಸ್ ಮೇಲ್‌ಗಳನ್ನು ನೋಡಿಕೊಳ್ಳಲು ಒಬ್ಬರಿದ್ದರು, ಅವರು ಕೆಲಸ ಬಿಟ್ಟರು. ಅವರ ಜಾಗಕ್ಕೆ ಯಾರೂ ಬರಲಿಲ್ಲ, ಅವರ ಮೇಲ್‌ಗಳು ಮಾತ್ರ ನನ್ನ ಪಾಲಿಗೆ ಬಂದವು. ಗ್ರಾಹಕರ ಮೇಲ್ ಎತ್ತಿ ಹೊರಗಿನ ಅನುವಾದದ ಸೈಟಿಗೆ ಹಾಕುವಂತಿಲ್ಲ, ಅದು ನಮ್ಮಲ್ಲಿ ನಿಯಮ. ಹಾಗಾಗಿ ಮೊಬೈಲ್ ಆ್ಯಪ್ ಹಾಕಿಕೊಂಡು ಆರು ತಿಂಗಳು ಕಲಿತೆ. ‘ಹುಡುಗ ಸೇಬು ತಿನ್ನುತ್ತಾನೆ.’ ‘ಬೆಕ್ಕು ಹಾಲು ಕುಡಿಯುತ್ತದೆ.’ ಬೆಕ್ಕು ಹಾಲು ಕುಡಿದ ಬಗ್ಗೆ ಯಾವ ಗ್ರಾಹಕರೂ ಇದುವರೆಗೆ ದೂರು ಕೊಟ್ಟಿಲ್ಲ.

ಒಂದು ದಿನ ಒಬ್ಬರಿಂದ ಒಂದೇ ಸಾಲಿನ ಮೇಲ್ ಬಂತು. ‘ಕ್ವಾಂಡು ವೊಸೇಸ್ ತಿವೇರೆಮ್ ಅ ನೋಟ, ಮಿ ಅವೀಜೆಮ್.’ ವೊಸೇಸ್ ಅಂದರೆ ನೀವು. ನೋಟ ಅಂದರೆ ಅಲ್ಲಿ ಸರಕಿನ ಜೊತೆ ಹೋಗಬೇಕಾದ ಬಿಲ್ಲು. ಅವೀಜೆಮ್ ಅಂದರೆ ತಿಳಿಸಿ. ‘ತಿವೇರೆಮ್’ ಮಾತ್ರ ಗೊತ್ತಾಗಲಿಲ್ಲ. ನನಗೆ ಗೊತ್ತಿದ್ದದ್ದು ‘ತಿವೇರಮ್’, ಅಂದರೆ ‘ಅವರ ಹತ್ತಿರ ಇತ್ತು’. ಟೈಪ್ ಮಾಡುವಾಗ ಒಂದಕ್ಷರ ಜಾರಿರಬೇಕು ಅಂದುಕೊಂಡೆ. ಬಿಲ್ಲು ಬಂದಿತ್ತು, ತಿಳಿಸಿದ್ದೂ ಆಯಿತು ಅಂತ ಹೇಗೋ ಅರ್ಥ ಹೊಂದಿಸಿಕೊಂಡು ಟಿಕೆಟ್, ಅಂದರೆ ಆ ದೂರಿನ ದಾಖಲೆ, ಕ್ಲೋಸ್ ಮಾಡಿದೆ. ಆ ಪುಣ್ಯಾತ್ಮ ಹೇಳಿದ್ದು ‘ಬಿಲ್ಲು ಬಂದರೆ ತಿಳಿಸಿ’ ಅಂತ. ನಾಲ್ಕು ದಿನ ಕಾದು ಐದನೇ ದಿನ ನಮ್ಮ ಮ್ಯಾನೇಜರ್‌ಗೇ ಬರೆದರು.

ಎರಡನೆಯದು ಇನ್ನೂ ನಗೆಪಾಟಲು. ‘ಅ ಜೆಂಚಿ ವಾಯ್ ರೆಜೊಲ್ವೇರ್ ಅಮಾನ್ಯಾ’ ಅಂತ ಒಬ್ಬರು ಫೋನ್‌ನಲ್ಲಿ ಹೇಳಿದರು. ನನ್ನ ಕಿವಿಗೆ ‘ಅಜೆಂಚಿ’, ಅಂದರೆ ಏಜೆಂಟ್, ಅಂತ ಕೇಳಿಸಿತು. ಏಜೆಂಟ್ ನಾಳೆ ಸರಿಮಾಡುತ್ತಾನೆ. ನಮ್ಮಲ್ಲಿ ಏಜೆಂಟ್ ಅಂದರೆ ಸಪೋರ್ಟ್‌ನವಳು, ಅಂದರೆ ನಾನೇ! ರಾತ್ರಿಯೆಲ್ಲ ಕೂತು ಅವರ ಸಮಸ್ಯೆ ಬಿಡಿಸಿದೆ. ಬ್ರೆಜಿಲ್‌ನವರು ಮಾತಿನಲ್ಲಿ ‘ನಾವು’ ಅನ್ನಲು ‘ಅ ಜೆಂಚಿ’ ಅಂತಾರೆ. ‘ನಾಳೆ ನಾವೇ ಸರಿಮಾಡಿಕೊಳ್ಳುತ್ತೇವೆ’ ಅಂದಿದ್ದರು ಅಷ್ಟೇ. ಮಾರನೇ ದಿನ ರಾತ್ರಿ ನೋಡಿದರೆ ಅವರೂ ಮಾಡಿದ್ದರು, ನಾನೂ ಮಾಡಿದ್ದೆ. ಎರಡು ಸಲ ಎಂಟ್ರಿ ಬಿದ್ದಿತ್ತು.

ಆ್ಯಪ್ ಒಂದೇ ಸಾಲದು, ಒಂದು ವ್ಯಾಕರಣ ಪುಸ್ತಕ ಬೇಕೇ ಬೇಕು ಅಂತ ಅವತ್ತು ಅನ್ನಿಸಿತು.

ಊರಿನಲ್ಲಿ ಎರಡು ಅಂಗಡಿಗೆ ಹೋಗಿ ಕೇಳಿದೆ. ಸ್ಪೋಕನ್ ಇಂಗ್ಲಿಷ್, ಕೆಎಎಸ್ ಗೈಡು, ಮೂವತ್ತು ದಿನದಲ್ಲಿ ಹಿಂದಿ, ಇಷ್ಟಿದ್ದವು. ‘ಪೋರ್ಚುಗೀಸಾ? ಅದನ್ನ ಗೋವಾದಾಗ ಕೇಳ್ಬೇಕ್ ನೋಡ್ರಿ’ ಅಂದರು ಒಬ್ಬರು. ತಪ್ಪೇನಿಲ್ಲ, ನಾನಾದರೂ ಹಾಗೇ ಹೇಳುತ್ತಿದ್ದೆ.

ಆನ್‌ಲೈನ್‌ನಲ್ಲಿ ಹಳೇ ಪುಸ್ತಕ ಮಾರುವವರೊಬ್ಬರ ಹತ್ತಿರ 450 ರೂಪಾಯಿಗೆ ಒಂದು ತೆಳ್ಳನೆಯ ಪುಸ್ತಕ ತರಿಸಿದೆ. ತೆಳ್ಳಗಿದ್ದರೆ ಬೇಗ ಮುಗಿಯುತ್ತದೆ ಅನ್ನೋ ಆಸೆ. ಬಂದಿದ್ದು ಜೆರಾಕ್ಸ್ ಹೊಡೆದು ಬೈಂಡ್ ಮಾಡಿದ ಪ್ರತಿ, ನಡುವೆ ಹದಿನಾರು ಪುಟ ಮಾಯ. ಅದಾದರೂ ಹೋಗಲಿ. ಅದರಲ್ಲಿ ಕಲಿತ ಕಾಗುಣಿತವನ್ನು ಉತ್ತರದಲ್ಲಿ ಬಳಸಿದರೆ ಅಲ್ಲಿಂದ ಬಂದ ಪ್ರತಿಕ್ರಿಯೆ, ‘ನಮ್ಮಜ್ಜಿ ಹೀಗೆ ಬರೆಯುತ್ತಿದ್ದರು’. ಪೋರ್ಚುಗೀಸ್ ಮಾತಾಡುವ ದೇಶಗಳೆಲ್ಲ ಸೇರಿ ಕಾಗುಣಿತಕ್ಕೆ 1990ರಲ್ಲಿ ಒಂದು ಒಪ್ಪಂದ ಮಾಡಿಕೊಂಡಿವೆ. ಬ್ರೆಜಿಲ್‌ನಲ್ಲಿ ಅದು ಜಾರಿಗೆ ಬಂದದ್ದು 2009ರಿಂದ. ಕೆಲವು ಪದಗಳಲ್ಲಿ ‘ಯು’ ಅಕ್ಷರದ ಮೇಲೆ ಇಡುತ್ತಿದ್ದ ಎರಡು ಚುಕ್ಕಿ ಹೋಯಿತು, ಪೋರ್ಚುಗಲ್‌ನವರು ಬರೀ ಬರೆದು ಓದದೇ ಬಿಡುತ್ತಿದ್ದ ‘ಸಿ’, ‘ಪಿ’ ಅಕ್ಷರಗಳು ಎಷ್ಟೋ ಪದಗಳಲ್ಲಿ ಉದುರಿದವು. ನನ್ನ ಪುಸ್ತಕ ಅದಕ್ಕಿಂತ ಎಷ್ಟೋ ಹಿಂದಿನದು. ಪುಸ್ತಕ ಅಚ್ಚಾದ ವರ್ಷ ನೋಡಬೇಕು ಅನ್ನೋದು ನನ್ನ ತಲೆಗೇ ಹೊಳೆದಿರಲಿಲ್ಲ.

ಎರಡನೆಯದು ಉಡುಗೊರೆ. ಗೆಳತಿಯ ತಮ್ಮ ಲಿಸ್ಬನ್‌ನಲ್ಲಿದ್ದಾನೆ. ಪೌರತ್ವಕ್ಕೆ ಅರ್ಜಿ ಹಾಕಲು ಅಲ್ಲಿ ಎ2 ಮಟ್ಟದ, ಅಂದರೆ ದಿನಬಳಕೆಗೆ ಸಾಕಾಗುವಷ್ಟು, ಭಾಷೆ ಬರಬೇಕು, ಅದಕ್ಕೆ ಅವನು ಓದುತ್ತಿದ್ದ. ತನಗೆ ಉಪಯೋಗಕ್ಕೆ ಬಂದದ್ದು ನನಗೂ ಬರಲಿ ಅಂತ ‘ಗ್ರಾಮಾಟಿಕಾ ಅಟೀವಾ’ದ ಮೊದಲ ಭಾಗ ಕಳಿಸಿಕೊಟ್ಟ. ಪುಸ್ತಕ ಅಂದರೆ ಹೀಗಿರಬೇಕು. ಎಡಪುಟದಲ್ಲಿ ನಿಯಮ, ಬಲಪುಟದಲ್ಲಿ ಅಭ್ಯಾಸ. ಒಂದು ಸಂಜೆಗೆ ಒಂದು ಪಾಠ ಅಂತ ಮುಗಿಸಬಹುದು. ಪೂರ್ತಿ ಪೋರ್ಚುಗೀಸ್‌ನಲ್ಲೇ ಇದೆ, ಹಾಗಾಗಿ ಮೊದಲ ವಾರ ಡಿಕ್ಷನರಿ ಹಿಡಿದೇ ಓದಬೇಕಾಯಿತು. ಆಮೇಲೆ ಅದೇ ಒಂದು ಮಜಾ.

ಆದರೆ ಅದು ಪೋರ್ಚುಗಲ್‌ನ ಪೋರ್ಚುಗೀಸ್. ಪೋರ್ಚುಗಲ್‌ನಲ್ಲಿ ಜನ ಸುಮಾರು ಒಂದು ಕೋಟಿ, ಬ್ರೆಜಿಲ್‌ನಲ್ಲಿ 20 ಕೋಟಿಗೂ ಜಾಸ್ತಿ. ನನ್ನ ಗ್ರಾಹಕರೆಲ್ಲ ಆ ಇಪ್ಪತ್ತು ಕೋಟಿಯವರು. ಬಸ್ಸಿಗೆ ಪೋರ್ಚುಗಲ್‌ನಲ್ಲಿ ‘ಔಟೊಕಾರು’, ಬ್ರೆಜಿಲ್‌ನಲ್ಲಿ ‘ಓನಿಬುಸ್’. ರೈಲಿಗೆ ಪೋರ್ಚುಗಲ್‌ನಲ್ಲಿ ‘ಕೊಂಬೋಯು’, ಬ್ರೆಜಿಲ್‌ನಲ್ಲಿ ‘ತ್ರೇಂ’. ಪದಗಳಾದರೆ ಬಾಯಿಪಾಠ ಮಾಡಬಹುದು, ಧಾರವಾಡದವರ ‘ಹೊಂಟೀನಿ’ ಮೈಸೂರಿನವರಿಗೆ ಅರ್ಥವಾಗುವ ಹಾಗೆ. ನನಗೆ ತೊಂದರೆ ಕೊಟ್ಟಿದ್ದು ವಾಕ್ಯ ಕಟ್ಟುವ ರೀತಿ. ‘ಮಾತಾಡ್ತಾ ಇದ್ದೇನೆ’ ಅನ್ನಲು ಪೋರ್ಚುಗಲ್‌ನವರು ‘ಎಸ್ತೊ ಅ ಫಲಾರ್’ ಅಂದರೆ ಬ್ರೆಜಿಲ್‌ನವರು ‘ಎಸ್ತೊ ಫಲಾಂಡು’. ‘ನನಗೆ ತಿಳಿಸಿ’ ಅನ್ನಲು ಪೋರ್ಚುಗಲ್‌ನವರು ‘ನನಗೆ’ಯನ್ನು ಕ್ರಿಯಾಪದ ಆದ ಮೇಲೆ ಅಡ್ಡಗೆರೆ ಎಳೆದು ಅಂಟಿಸುತ್ತಾರೆ, ಬ್ರೆಜಿಲ್‌ನವರು ನಮ್ಮ ಹಾಗೆ ಮೊದಲೇ ಇಟ್ಟುಬಿಡುತ್ತಾರೆ. ‘ಅ ಜೆಂಚಿ’ಯನ್ನು ನಾನು ಆ ಪುಸ್ತಕದಲ್ಲಿ ಹುಡುಕಿ ಸೋತೆ. ಅದೇ ಪುಸ್ತಕಕ್ಕೆ ಬ್ರೆಜಿಲ್ ಆವೃತ್ತಿಯೂ ಇದೆ ಅಂತ ತಿಳಿದದ್ದು ಆಮೇಲೆ. ಉಡುಗೊರೆ ಕೊಟ್ಟವನಿಗೆ ಅದನ್ನು ಹೇಳಲು ಆಗುತ್ತಾ?

ಇಷ್ಟಾದ ಮೇಲೆ ಅಪ್ಪ ಬಾಯಿ ಹಾಕಿದರು. ಅಪ್ಪ ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಪೋರ್ಚುಗೀಸ್ ಒಂದಕ್ಷರ ಬರುವುದಿಲ್ಲ. ‘ಬರಲ್ಲ ಅನ್ಬೇಡ, ಪಾದ್ರಿ, ಚಾವಿ, ಅಲಮಾರು, ಪಗಾರ, ಅನಾನಸು. ಐದಾತು’ ಅಂತಾರೆ. ಐದೂ ಪೋರ್ಚುಗೀಸರಿಂದಲೇ ನಮಗೆ ಬಂದವು. ಪಗಾರ ಅನ್ನೋದು ಅಲ್ಲಿ ‘ಪಗಾರ್’, ಅಂದರೆ ಹಣ ಕೊಡುವುದು. ನಮ್ಮ ಗ್ರಾಹಕರ ಮೇಲ್‌ನಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ, ಅದೂ ಬಾಕಿ ಇದೆ ಅಂತ ಹೇಳಲು.

‘ನಿನಗೇನು ಗೊತ್ತಾಗವಲ್ದು ಅನ್ನೋದನ್ನ ಮೊದಲು ಒಂದು ಚೀಟಿ ಮೇಲೆ ಬರಿ’ ಅಂದರು. ‘ಪುಸ್ತಕ ತಗಂಡು ಪ್ರಶ್ನೆ ಹುಡುಕೋದಲ್ಲ. ಪ್ರಶ್ನೆ ಹಿಡ್ಕಂಡು ಪುಸ್ತಕದ ಹತ್ರ ಹೋಗು. ಉತ್ತರ ಇದ್ರೆ ತಗ, ಇಲ್ದಿದ್ರೆ ಬಿಡು.’

ಮೂರು ಸಾಲು ಬರೆದೆ. ಒಂದು, ಆ ಹಾಳು ‘ತಿವೇರೆಮ್’ ಇದ್ದ ವಾಕ್ಯ. ಎರಡು, ‘ಅ ಜೆಂಚಿ’. ಮೂರು, ದಿನಾ ಕಾಡುವ ಒಂದು ಜೋಡಿ: ‘ಸಿಸ್ತೇಮಾ ಎ ಲೆಂತು’, ‘ಸಿಸ್ತೇಮಾ ಎಸ್ತಾ ಲೆಂತು’. ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ಅರ್ಥ, ಸಿಸ್ಟಮ್ ಸ್ಲೋ ಇದೆ. ಪೋರ್ಚುಗೀಸ್‌ನಲ್ಲಿ ‘ಇರುವುದು’ ಅನ್ನಲು ಎರಡು ಕ್ರಿಯಾಪದ, ‘ಸೇರ್’ ಮತ್ತು ‘ಎಸ್ತಾರ್’. ‘ಎ’ ಅನ್ನೋದು ಮೊದಲನೆಯದರ ರೂಪ, ‘ಎಸ್ತಾ’ ಎರಡನೆಯದರದು. ಸಪೋರ್ಟ್‌ನವರಿಗೆ ಇದು ಸಣ್ಣ ವಿಷಯ ಅಲ್ಲ. ‘ಎಸ್ತಾ’ ಅಂದರೆ ಇವತ್ತು ಏನೋ ಕೆಟ್ಟಿದೆ, ನೋಡಿ ಅಂತಿದ್ದಾರೆ. ‘ಎ’ ಅಂದರೆ ನಿಮ್ಮ ಸಾಫ್ಟ್‌ವೇರೇ ಇಷ್ಟು ಅಂತ ಬೈಯುತ್ತಿದ್ದಾರೆ.

ಅದನ್ನು ಅಪ್ಪನಿಗೆ ವಿವರಿಸಿದೆ. ಅವರು ಕನ್ನಡಕ ಮೇಲೆ ಸರಿಸಿ, ‘ಇದರಾಗೇನೈತಿ? ಒಂದು ‘ಸಿಸ್ಟಮ್ ನಿಧಾನ’, ಇನ್ನೊಂದು ‘ಸಿಸ್ಟಮ್ ನಿಧಾನ ಆಗೈತಿ’’ ಅಂದರು.

ನಾನು ಸುಮ್ನೆ ಕೂತುಬಿಟ್ಟೆ. ‘ಅವನು ಮೇಷ್ಟ್ರು’ ಅನ್ನುವಾಗ ಕನ್ನಡದಲ್ಲಿ ಕ್ರಿಯಾಪದವೇ ಬೇಡ. ‘ಅವನು ಮನೆಯಲ್ಲಿದ್ದಾನೆ’ ಅನ್ನಲು ‘ಇದ್ದಾನೆ’ ಬೇಕು. ಪೋರ್ಚುಗೀಸ್‌ನವರು ನಾವು ಏನೂ ಹಾಕದ ಕಡೆ ‘ಎ’ ಹಾಕುತ್ತಾರೆ, ‘ಇದೆ, ಇದ್ದಾನೆ’ ಅನ್ನುವ ಕಡೆ ‘ಎಸ್ತಾ’. ಪ್ರತಿ ವಾಕ್ಯಕ್ಕೂ ಈ ಲೆಕ್ಕ ಕೂರುವುದಿಲ್ಲ. ‘ದಾವಣಗೆರೆ ಕರ್ನಾಟಕದಲ್ಲಿದೆ’ ಅನ್ನಲು ಅವರು ಎರಡನ್ನೂ ಬಿಟ್ಟು ‘ಫೀಕಾ’ ಅನ್ನೋ ಮೂರನೆಯದನ್ನೇ ತರುವುದುಂಟು. ಆದರೂ ಇಂಗ್ಲಿಷ್ ಪುಸ್ತಕಗಳು ಹೇಳಿಕೊಡುವ ‘ಶಾಶ್ವತವಾದರೆ ಸೇರ್, ತಾತ್ಕಾಲಿಕವಾದರೆ ಎಸ್ತಾರ್’ ಅನ್ನೋ ಸೂತ್ರಕ್ಕಿಂತ ನನಗೆ ಇದೇ ಕೈಗೆ ಹತ್ತಿತು. ಸತ್ತವನಿಗೆ ಪೋರ್ಚುಗೀಸ್‌ನಲ್ಲಿ ‘ಎಸ್ತಾ ಮೋರ್ತು’ ಅಂತಾರೆ. ಸಾವಿಗಿಂತ ಶಾಶ್ವತ ಯಾವುದಿದೆ ಅಂತ ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಕನ್ನಡದಲ್ಲಿ ನಾವು ಏನಂತೀವಿ? ‘ಸತ್ತಿದ್ದಾನೆ.’ ಸತ್ತ ಮೇಲೂ ‘ಇದ್ದಾನೆ’!

ಚೀಟಿ ಹಿಡಿದು ಮತ್ತೆ ಹುಡುಕಲು ಕೂತೆ. ಈ ಸಲ ಮೊದಲು ಹಣ ಕೊಡಲಿಲ್ಲ. ಆನ್‌ಲೈನ್‌ನಲ್ಲಿ ಮಾದರಿ ಪುಟ ಎಷ್ಟು ಸಿಗುತ್ತದೋ ಅಷ್ಟು ನೋಡುವುದು. ಮೊದಲ ಅಧ್ಯಾಯ ಬಿಟ್ಟುಬಿಡುವುದು, ಅದು ಎಲ್ಲದರಲ್ಲೂ ಚೆನ್ನಾಗಿಯೇ ಇರುತ್ತದೆ. ನೇರ ವಿಷಯಸೂಚಿಗೆ ಹೋಗಿ ನನ್ನ ಮೂರು ಸಾಲಿಗೆ ಎಷ್ಟು ಜಾಗ ಕೊಟ್ಟಿದ್ದಾರೆ ನೋಡುವುದು. ಕೆಲವು ಪುಸ್ತಕ ಹತ್ತು ನಿಮಿಷದಲ್ಲೇ ಪಕ್ಕಕ್ಕೆ ಹೋದವು. ಇನ್ನು ಕೆಲವು ‘ಕ್ರಿಯಾಪದದ ಕೊನೆ ನೋಡಿದರೇ ಯಾರು ಅಂತ ತಿಳಿಯುತ್ತದೆ, ಹಾಗಾಗಿ ನಾನು, ನೀನು ಬಿಡಬಹುದು’ ಅನ್ನೋದನ್ನೇ ದೊಡ್ಡ ಅಚ್ಚರಿಯ ಹಾಗೆ ಪುಟಗಟ್ಟಲೆ ವಿವರಿಸಿದ್ದವು. ಇಂಗ್ಲಿಷ್‌ನವರಿಗೆ ಅದು ಬೇಕು. ‘ಬಂದೆ’, ‘ಬಂದಳು’ ಅಂತ ಹುಟ್ಟಿದಾಗಿನಿಂದ ಮಾತಾಡುವ ನನಗೆ ಆ ಪುಟಗಳು ದಂಡ.

ರೌಟ್ಲೆಜ್‌ನವರ ‘ಪೋರ್ಚುಗೀಸ್: ಆ್ಯನ್ ಎಸೆನ್ಷಿಯಲ್ ಗ್ರಾಮರ್’ ನೋಡಿದೆ, ಅಮೇಲಿಯಾ ಹಚಿನ್ಸನ್ ಮತ್ತು ಜ್ಯಾನೆಟ್ ಲಾಯ್ಡ್ ಬರೆದದ್ದು. ಎರಡೂ ದೇಶದ ಭಾಷೆಯನ್ನು ಒಟ್ಟಿಗೆ ಹೇಳುತ್ತದೆ. ಯಾವ ದೇಶಕ್ಕೆ ಹೋಗುತ್ತೇನೆ ಅಂತ ಇನ್ನೂ ಗೊತ್ತಿಲ್ಲದವರಿಗೆ ಅದು ಸರಿ. ನನಗೆ ಗೊತ್ತಿತ್ತು. ಆಸೆಬುರುಕಿ ನಾನು, ಸೆಲ್ಸು ಕುನ್ಯಾ ಮತ್ತು ಲಿಂಡ್ಲಿ ಸಿಂತ್ರಾ ಅವರ 1984ರ ದೊಡ್ಡ ವ್ಯಾಕರಣದ ಮೇಲೂ ಕಣ್ಣು ಹಾಕಿದ್ದೆ. ಒಬ್ಬರು ಬ್ರೆಜಿಲ್‌ನವರು, ಒಬ್ಬರು ಪೋರ್ಚುಗಲ್‌ನವರು, ಇಬ್ಬರೂ ಸೇರಿ ಬರೆದದ್ದು ಅಂದ ಕೂಡಲೇ ಎಲ್ಲ ಸಮಸ್ಯೆಗೂ ಅದೇ ಮದ್ದು ಅನ್ನಿಸಿತು. ಅಪ್ಪ ಕೇಳಿದರು, ‘ಅದು ಯಾರಿಗೆ ಬರೆದದ್ದು?’ ಆ ಭಾಷೆ ಆಗಲೇ ಬಲ್ಲವರಿಗೆ, ಅಂದೆ. ‘ಹಂಗಾದ್ರೆ ಕನ್ನಡ ಕಲಿಯಾಕ ಬಂದೋರ ಕೈಗೆ ಕೇಶಿರಾಜನ ಶಬ್ದಮಣಿದರ್ಪಣ ಕೊಟ್ಟಂಗಾತು’ ಅಂದರು. ಅದು ಪಟ್ಟಿಯಿಂದ ಹೋಯಿತು.

ಕೊನೆಗೆ ಉಳಿದದ್ದು ಜಾನ್ ವಿಟ್ಲಮ್ ಅವರ ‘ಮಾಡರ್ನ್ ಬ್ರೆಜಿಲಿಯನ್ ಪೋರ್ಚುಗೀಸ್ ಗ್ರಾಮರ್’. 2011ರಲ್ಲಿ ಮೊದಲು ಬಂದದ್ದು, ಅಂದರೆ ಹೊಸ ಕಾಗುಣಿತ ಜಾರಿಗೆ ಬಂದ ಮೇಲಿನದು. ಬರೀ ಬ್ರೆಜಿಲ್. ಪುಸ್ತಕದಲ್ಲಿ ಎರಡು ಭಾಗ. ಮೊದಲನೆಯದರಲ್ಲಿ ನಾಮಪದ, ಕ್ರಿಯಾಪದ ಅಂತ ಎಂದಿನ ವ್ಯಾಕರಣ. ಎರಡನೆಯದರಲ್ಲಿ ಕೇಳಿಕೊಳ್ಳುವುದು ಹೇಗೆ, ಕ್ಷಮೆ ಕೇಳುವುದು ಹೇಗೆ ಅಂತ ಕೆಲಸದ ಪ್ರಕಾರ. ಕ್ಷಮೆ ಕೇಳುವುದು ನನ್ನ ಅರ್ಧ ಕೆಲಸ, ಹಾಗಾಗಿ ಅಲ್ಲೇ ಮನಸ್ಸು ಜಾರಿತು. ‘ಅ ಜೆಂಚಿ’ಯೂ ಇತ್ತು. ಬೆಲೆ ಮೂರು ಸಾವಿರದ ಹತ್ತಿರ. ಎರಡು ದಿನ ಕಾರ್ಟ್‌ನಲ್ಲಿಟ್ಟು ನೋಡುತ್ತಿದ್ದೆ. ಸಪ್ತಸಾಗರದಾಚೆಯ ಭಾಷೆಗೆ ಮೂರು ಸಾವಿರವಾ ಅಂತ ಅಮ್ಮ. ಕೊನೆಗೆ ಪಗಾರ ಬಂದ ದಿನ ಆರ್ಡರ್ ಮಾಡಿದೆ.

ಮಳೆಯಲ್ಲಿ ನೆನೆದ ಪಾರ್ಸೆಲ್ ಬಂತು. ಪುಸ್ತಕಕ್ಕೇನೂ ಆಗಿರಲಿಲ್ಲ. ಅವತ್ತು ಭಾನುವಾರ, ಜಗಲಿ ಮೇಲೆ ಅಪ್ಪ, ನಾನು, ನಡುವೆ ಮಂಡಕ್ಕಿ ತಟ್ಟೆ. ತಿವೇರೆಮ್ ಹುಡುಕಿ ತೆಗೆದೆ. ಅದು ಮುಂದೆ ಆಗಬಹುದಾದ್ದನ್ನು ಹೇಳುವ ರೂಪವಂತೆ, ‘ಆದರೆ’, ‘ಆದಾಗ’ ಅನ್ನುವ ಕಡೆ ಬರುವುದು. ಮಾಡುವ ವಿಧಾನ ಮಾತ್ರ ವಿಚಿತ್ರ. ಭೂತಕಾಲದ ‘ಅವರು’ ರೂಪ ತೆಗೆದುಕೊಳ್ಳಬೇಕು, ಅದರ ಬಾಲ ಕತ್ತರಿಸಬೇಕು. ‘ಫೋರಮ್’ ಅಂದರೆ ಹೋದರು. ಬಾಲ ಕತ್ತರಿಸಿ ‘ಫೋರ್’ ಅಂದರೆ, ‘ಸಿ ಎವ್ ಫೋರ್’, ನಾನು ಹೋದರೆ. ‘ವಿಯೇರಮ್’ ಅಂದರೆ ಬಂದರು. ‘ವಿಯೇರ್’, ಬಂದರೆ. ಬರುವವರು ಹಲವರಾದರೆ ‘ವಿಯೇರೆಮ್’.

‘ಮುಂದೆ ಆಗೋದನ್ನ ಹೇಳಲು ಹಿಂದಿನ ಕಾಲದಿಂದ ಯಾಕೆ ಕಟ್ಟುತ್ತಾರೋ’ ಅಂತ ಗೊಣಗಿದೆ.

‘ನೀನು ಹೆಂಗ ಕಟ್ತೀಯ?’ ಅಂದರು ಅಪ್ಪ. ‘ನಾಳೆ ಮಳೆ ಬಂದರೆ ಅಂತೀಯ. ಬರುವರೆ ಅಂತೀಯೇನು? ‘ಬಂದ’ ಅನ್ನೋದು ಯಾವ ಕಾಲ?’

ಭೂತಕಾಲ. ಹೋದರೆ, ಮಾಡಿದರೆ, ತಿಂದರೆ, ಎಲ್ಲವೂ ಹಾಗೇ! ‘ಅವನು ನಾಳೆ ಬಂದಾನು’ ಅನ್ನೋದೂ ಅಷ್ಟೇ. ಶಾಲೆಯಲ್ಲಿ ಸಂಭಾವನಾರ್ಥಕ ಅಂತ ಬಾಯಿಪಾಠ ಮಾಡಿಸಿದ್ದರು. ಅಪ್ಪನೇ ಮಾಡಿಸಿದ್ದು. ಮಂಡಕ್ಕಿ ಕೈ ಒರೆಸಿಕೊಂಡು ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಪೆನ್ಸಿಲ್‌ನಿಂದ ಬರೆದೆ. ಎಡಗಡೆ ವಿಯೇರಮ್, ವಿಯೇರೆಮ್. ಬಲಗಡೆ ಬಂದರು, ಬಂದರೆ. ಅಲ್ಲೂ ಒಂದೇ ಸ್ವರದ ವ್ಯತ್ಯಾಸ, ಇಲ್ಲೂ ಒಂದೇ ಸ್ವರದ ವ್ಯತ್ಯಾಸ. ನಮ್ಮದರಲ್ಲಿ ‘ರು’ ಬೇರೆ ಪ್ರತ್ಯಯ, ‘ರೆ’ ಬೇರೆ ಪ್ರತ್ಯಯ, ಎರಡನ್ನೂ ಕಲಸಬೇಡ ಅಂತ ಅಪ್ಪ ಎಚ್ಚರಿಸಿದರು. ಇರಲಿ. ‘ಬಂದರೆ ತಿಳಿಸಿ’ ಅಂದವರಿಗೆ ‘ಬಂದರು’ ಅಂತ ಓದಿ ಟಿಕೆಟ್ ಮುಚ್ಚಿದವಳು ನಾನು, ಇನ್ನು ಈ ಜನ್ಮದಲ್ಲಿ ಮರೆಯುವುದಿಲ್ಲ.

ಅಪ್ಪ ಒಳಗೆ ಹೋಗಿ ಕಿಟೆಲ್ ಅವರ ಕನ್ನಡ ವ್ಯಾಕರಣ ತಂದರು, 1903ರದ್ದರ ಮರುಮುದ್ರಣ. ಜರ್ಮನಿಯಿಂದ ಬಂದವರು ಇಂಗ್ಲಿಷ್‌ನಲ್ಲಿ ಬರೆದ ಕನ್ನಡ ವ್ಯಾಕರಣ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರೂ ಒಂದರಲ್ಲೇ. ಅಪ್ಪ ಅದರಲ್ಲಿ ‘ಬಂದರೆ’ ಹುಡುಕುತ್ತಾ ಕೂತರು, ನಾನು ನನ್ನದರಲ್ಲಿ. ಹೊರಗಿನವರು ನಮ್ಮ ಭಾಷೆಯನ್ನು ಹೀಗೇ ಬಿಡಿಸಿ ನೋಡುತ್ತಾ ಬಂದಿದ್ದಾರೆ. ಪೋರ್ಚುಗೀಸ್‌ನವರಿಗಾಗಿ ಕೊಂಕಣಿಯ ವ್ಯಾಕರಣವೊಂದು 1640ರಲ್ಲಿ ಗೋವಾದ ರಾಚೋಲ್‌ನಲ್ಲಿ ಅಚ್ಚಾಗಿತ್ತು. ಬರೆದವರು ಥಾಮಸ್ ಸ್ಟೀಫನ್ಸ್ ಅನ್ನೋ ಇಂಗ್ಲಿಷ್ ಪಾದ್ರಿ. ಅದರ ಹೆಸರಿನಲ್ಲಿ ಕೊಂಕಣಿಯನ್ನು ಅವರು ಕರೆದದ್ದು ‘ಕನಾರಿಂ’ ಅಂತ! ಅದನ್ನು ಹೇಳಿದ ಮೇಲೆ ಅಪ್ಪ ಅರ್ಧ ಗಂಟೆ ಬೇರೆ ಮಾತೇ ಆಡಲಿಲ್ಲ.

ನಾಲ್ಕು ತಿಂಗಳಾಯಿತು. ಪುಸ್ತಕದ ಮೊದಲ ಭಾಗ ಅರ್ಧ ಓದಿದ್ದೇನೆ, ಎರಡನೆಯದನ್ನು ಬೇಕಾದಾಗ ತೆರೆಯುತ್ತೇನೆ. ಅಭ್ಯಾಸಕ್ಕೆ ಲಿಸ್ಬನ್ ಪುಸ್ತಕವೇ ಈಗಲೂ ಒಳ್ಳೆಯದು, ಉತ್ತರಗಳನ್ನು ಬ್ರೆಜಿಲ್ ರೀತಿಗೆ ತಿದ್ದಿಕೊಳ್ಳುತ್ತೇನೆ. ಜೆರಾಕ್ಸ್ ಪುಸ್ತಕ ಮಹಡಿ ಕಿಟಕಿ ಬಡಿಯದ ಹಾಗೆ ಆನಿಸಲು ಸರಿಯಾಗಿದೆ.

ಕಳೆದ ವಾರ, ಮೊದಲು ದೂರು ಕೊಟ್ಟಿದ್ದ ಅದೇ ಗ್ರಾಹಕರು ಮುಂದಿನ ವರ್ಷ ಭಾರತಕ್ಕೆ ಬರುವ ಯೋಚನೆ ಇದೆ ಅಂತ ಬರೆದರು. ನಾನು ಪುಸ್ತಕ ಮುಟ್ಟದೇ ಉತ್ತರ ಬರೆದೆ. ನೀವು ದಾವಣಗೆರೆಗೆ ಬಂದರೆ ಬೆಣ್ಣೆ ದೋಸೆ ತಿನ್ನೋಣ. ‘ಸಿ ವೊಸೇ ವೀರ್’ ಅಂತ ಶುರುಮಾಡಿ, ದೋಸೆಗೆ ‘ಉ ದೋಸಾ’ ಅಂತ ಹಾಕಿದೆ.

ಎರಡು ತಿದ್ದುಪಡಿ ಬಂದವು. ‘ವೀರ್’ ಅಂದರೆ ಮೂಲರೂಪದಲ್ಲಿ ಬರುವುದು ನಿಜ, ಆದರೆ ‘ಸಿ’ ಆದ ಮೇಲೆ ಬಂದಾಗ ಅದು ‘ಕಂಡರೆ’ ಆಗುತ್ತದೆ. ಕಂಡರು ‘ವೀರಮ್’, ಕಂಡರೆ ‘ವೀರ್’. ಬಂದರೆ ಅನ್ನಲು ‘ವಿಯೇರ್’. ನಾಚಿಕೆ ಬೇಡ, ನಮ್ಮವರೂ ಇಲ್ಲಿ ಎಡವುತ್ತಾರೆ ಅಂತ ಬರೆದಿದ್ದರು. ಇನ್ನೊಂದು, ದೋಸಾ ‘ಆ’ಕಾರದಲ್ಲಿ ಮುಗಿಯುವುದರಿಂದ ಅದು ‘ಅ ದೋಸಾ’ ಆಗಬೇಕು, ಸ್ತ್ರೀಲಿಂಗ. ನಾನು ದಿನಾ ಬರೆಯುವುದು ‘ಉ ಸಿಸ್ತೇಮಾ’, ‘ಉ ಪ್ರೊಬ್ಲೇಮಾ’. ಅವೆರಡೂ ‘ಆ’ಕಾರದಲ್ಲಿ ಮುಗಿದರೂ ಪುಲ್ಲಿಂಗ. ಆ ಅಭ್ಯಾಸದಲ್ಲಿ ದೋಸೆಯನ್ನೂ ಗಂಡು ಮಾಡಿದ್ದೆ.

ಅಪ್ಪನಿಗೆ ಹೇಳಿದೆ. ‘ದೋಸೆ ನಪುಂಸಕಲಿಂಗ’ ಅಂದರು, ಪೇಪರಿನಿಂದ ತಲೆ ಎತ್ತದೇ. ‘ಅವನು ಬರಲಿ, ನಾನು ಹೇಳ್ತೀನಿ.’